ಮೂರನೆಯ ಸೂಜಿ

ಕಳೆದ ಜೂನ್ ತಿಂಗಳ ಒಂದು ಮಧ್ಯಾಹ್ನ, ನನ್ನ 51ನೆಯ ವಯಸ್ಸಿನಲ್ಲಿ, ಪುಣೆಯ ಡೆಕ್ಕನ್ ಭಾಗದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಗೆ ಹತ್ತಿ ಹೋಗಿ ಹೊಕ್ಕುಳ ಚುಚ್ಚಿಸಿಕೊಂಡು ಬಂದೆ. ಈ ಒಂದು ವಾಕ್ಯವನ್ನು ಬರೆಯಲು ನನಗೆ ಏಳು ತಿಂಗಳು ಬೇಕಾಯಿತು. ನಮ್ಮ ಬಳಗದಲ್ಲಿ ನನ್ನನ್ನು ಬಲ್ಲವರು ಕೆಲವರು ಮುಗುಳ್ನಗಬಹುದು, ಕೆಲವರು ಹುಬ್ಬೇರಿಸಬಹುದು. ಹುಬ್ಬೇರಿಸುವವರ ಮೇಲೆ ನನಗೆ ಬೇಸರವಿಲ್ಲ. ಒಂದು ಕಾಲಕ್ಕೆ ಆ ಸಾಲಿನಲ್ಲಿ ನಾನೇ ಮುಂದೆ ನಿಂತಿದ್ದೆ.

ಆಭರಣಕ್ಕೆಂದು ನನ್ನ ದೇಹ ಸೂಜಿಗೆ ಒಡ್ಡಿಕೊಂಡದ್ದು ಇದು ಮೂರನೆಯ ಸಲ.

ಮೊದಲನೆಯದು ನನಗೆ ನೆನಪಿಲ್ಲ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಹನ್ನೊಂದು ತಿಂಗಳ ಕೂಸಾಗಿದ್ದ ನನ್ನನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳಂತೆ. "ಗುಬ್ಬಿ ನೋಡು, ಅಲ್ಲೆ ಗುಬ್ಬಿ ನೋಡು" ಎಂದು ಅವಳು ಜಂತಿಯ ಕಡೆ ಬೆರಳು ತೋರಿಸುತ್ತಿರುವಾಗಲೇ ಪತ್ತಾರರ ಬಂಗಾರದ ತಂತಿ ಕಿವಿಯ ಹಾಲೆಯನ್ನು ಹಾದುಹೋಗಿತ್ತಂತೆ. ಎಷ್ಟೋ ವರ್ಷಗಳ ಮೇಲೆ ಸುಶ್ರುತ ಸಂಹಿತೆಯಲ್ಲಿ ಕರ್ಣವೇಧದ ವಿಧಾನವನ್ನು ಓದಿದಾಗ ಅಜ್ಜಿ ಅದನ್ನೇ ನೋಡಿಕೊಂಡು ನಡೆದಿದ್ದಳೋ ಎನ್ನಿಸಿತು. ಆರು ಅಥವಾ ಏಳು ತಿಂಗಳ ಕೂಸನ್ನು ದಾದಿಯ ತೊಡೆಯ ಮೇಲೆ ಕೂರಿಸಬೇಕು; ಆಟಿಕೆಗಳನ್ನು ತೋರಿಸಿ ರಮಿಸಬೇಕು; ಕಿವಿಯ ಹಾಲೆಯನ್ನು ಎಡಗೈಯಿಂದ ಎಳೆದು ಹಿಡಿದು, ಬಿಸಿಲು ಹಾಯ್ದು ಕಾಣುವ ತೆಳುವಾದ ಜಾಗದಲ್ಲಿ ನೇರವಾಗಿ ಚುಚ್ಚಬೇಕು. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ ಮೊದಲು. ರಕ್ತವೂ ನೋವೂ ಹೆಚ್ಚಾದರೆ ಜಾಗ ತಪ್ಪಿತೆಂದು ತಿಳಿಯಬೇಕು. ಕೈ ಪಳಗಿದ ವೈದ್ಯನೊಬ್ಬನ ಮಾತುಗಳಿವು. ಆದರೆ ಆ ಆಟಿಕೆಯ ಕೆಲಸವೂ ನಮ್ಮ ಮನೆಯ ಗುಬ್ಬಿಯ ಕೆಲಸವೂ ಒಂದೇ: ಚುಚ್ಚಿಸಿಕೊಳ್ಳುವ ಜೀವ ಬೇರೆ ಎಲ್ಲಿಯೋ ನೋಡುತ್ತಿರಬೇಕು.

ಎರಡನೆಯದು 1989ರ ಬೇಸಗೆಯಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. "ನೋಡಲಿಕ್ಕೆ ಬರೋರು ಮೊದಲ ಮಾರೀನ ನೋಡ್ತಾರ. ಮೂಗು ಬರಿದಿದ್ದರ ಏನು ಕಳಾ?" ಎಂದಳು ಅಜ್ಜಿ. ನೋಡಲು ಬರುವವರು ಯಾರು, ಯಾವಾಗ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಈ ಸಲ ಗುಬ್ಬಿ ಇರಲಿಲ್ಲ. ಅವ್ವ ತಲೆ ಹಿಡಿದಳು, ಪತ್ತಾರರು ಮೂಗು ಹಿಡಿದರು. ಮೂಗು ಚುಚ್ಚಿದಾಗ ಕಣ್ಣಿನಿಂದ ನೀರು ತಾನಾಗಿಯೇ ಇಳಿಯುತ್ತದೆ. "ಅದು ಅಳು ಅಲ್ಲ" ಎಂದು ಅವ್ವ ಸಮಾಧಾನ ಹೇಳಿದಳು. ಅದು ಅಳುವೇ ಆಗಿತ್ತು.

ಆದರೂ ಆ ಮೂಗುತಿಯನ್ನು ನಾನು ಪ್ರೀತಿಸಿದೆನೆಂಬುದನ್ನು ಮುಚ್ಚಿಡಲಾರೆ. ಒಂದು ಸಣ್ಣ ಕೆಂಪು ಹರಳು. ಮದುವೆಯಾಗಿ ಪುಣೆಗೆ ಬಂದಾಗ ನನ್ನೊಂದಿಗೆ ಬಂದ ತವರೆಂದರೆ ಅದೊಂದೇ. ನತ್ತಿನ ಈ ನಾಡಿನಲ್ಲಿ ಅದು ನನ್ನ ಗುರುತೂ ಆಯಿತು. ಇದೇ ಊರಿನ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿದ್ದ ವಿದ್ವಾಂಸ ಪಿ. ಕೆ. ಗೋಡೆಯವರು ನತ್ತಿನ ಪ್ರಾಚೀನತೆಯನ್ನು ಕುರಿತು ಬರೆದಿದ್ದಾರೆಂದು ತಿಳಿದ ಮೇಲೆ ನನ್ನ ಕುತೂಹಲ ಬೆಳೆಯಿತು. ಬೇಲೂರಿಗೆ ಹೋದಾಗ ಮದನಿಕೆಯರ ಮುಖಗಳನ್ನು ಕತ್ತೆತ್ತಿ ನೋಡಿದೆ. ಕಿವಿ ತುಂಬ ಆಭರಣ, ಕೊರಳು ತುಂಬ ಹಾರ, ಸೊಂಟಕ್ಕೆ ಪಟ್ಟಿ. ಮೂಗು ಮಾತ್ರ ಬರಿದು. ಅಜ್ಜಿ ಅನಾದಿಕಾಲದ್ದೆಂದು ನಂಬಿದ್ದ ಕಳೆ ಆ ಸುಂದರಿಯರಿಗೆ ಬೇಕಾಗಿಯೇ ಇರಲಿಲ್ಲ.

ಮೂಗುತಿಯ ಮಾತು ಬಂದರೆ ಕನ್ನಡಿಗರಿಗೆ ನೆನಪಾಗುವುದು ಪುರಂದರದಾಸರ ಕಥೆ. ಬಡ ಬ್ರಾಹ್ಮಣನೊಬ್ಬ ಬೇಡಿದಾಗ ಜಿಪುಣ ಶ್ರೀನಿವಾಸ ನಾಯಕನ ಹೆಂಡತಿ ಗಂಡನನ್ನು ಕೇಳದೆಯೇ ಮೂಗುತಿಯನ್ನು ಬಿಚ್ಚಿ ಕೊಟ್ಟಳು. ಹರಿಕಥೆಗಳಲ್ಲಿ ಈ ಘಟ್ಟವನ್ನು ಅವಳ ಔದಾರ್ಯದ ಕಥೆಯಾಗಿ ಹೇಳುತ್ತಾರೆ. ನನಗೆ ಮುಖ್ಯವೆನಿಸಿದ್ದು ಬೇರೆ. ಅದು ತವರಿನವರು ಕೊಟ್ಟದ್ದು, ಆದ್ದರಿಂದ ಅವಳದು. ಇಡುವುದೂ ಕೊಡುವುದೂ ಅವಳ ಇಚ್ಛೆ.

ಆರು ವರ್ಷಗಳ ಹಿಂದೆ ನನ್ನ ಗಂಡ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಕಡೆಯ ಹಿರಿಯ ಅತ್ತೆಯೊಬ್ಬರು ನನ್ನ ಪಕ್ಕದಲ್ಲಿ ಕುಳಿತು, ಕೈಹಿಡಿದು, ಬಹಳ ಮೃದುವಾಗಿ ಹೇಳಿದರು: "ಮೂಗಿಂದೂ ತೆಗೆದಿಡವಾ. ಇನ್ನ ಅದು ಚಂದ ಕಾಣಂಗಿಲ್ಲ." ಯಾರೂ ಬಲವಂತ ಮಾಡಲಿಲ್ಲ. ನಾನು ಬಚ್ಚಲುಮನೆಗೆ ಹೋಗಿ, ಕನ್ನಡಿಯ ಮುಂದೆ ನಿಂತು, ತಿರುಪನ್ನು ಬಿಚ್ಚಿ ತೆಗೆದೆ. ನಮ್ಮ ಬಳಗದ ವೇದಿಕೆಯಲ್ಲಿ ವಚನಕಾರ್ತಿಯರ ಬಗ್ಗೆ ಎರಡು ಸಲ ಉಪನ್ಯಾಸ ಮಾಡಿದ್ದ ಹೆಂಗಸು ನಾನು. ಮದುವೆಗೆ ಎಷ್ಟೋ ವರ್ಷ ಮೊದಲು, ಗಂಡನ ಹೆಸರೂ ಕೇಳಿರದ ಕಾಲದಲ್ಲಿ ಮೂಗಿಗೆ ಬಂದ ಹರಳು ಗಂಡನೊಂದಿಗೆ ಏಕೆ ಹೋಗಬೇಕೆಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಎರಡು ವರ್ಷಗಳ ನಂತರ, ಮನೆಯಲ್ಲಿ ಯಾರೂ ಇಲ್ಲದಾಗ, ಅದನ್ನು ಮತ್ತೆ ಹಾಕಿಕೊಳ್ಳಲು ಯತ್ನಿಸಿದೆ. ತೂತು ಒಳಗಿನಿಂದ ಕೂಡಿಕೊಂಡಿತ್ತು. ಮೇಲೆ ಮಾತ್ರ ಒಂದು ಚುಕ್ಕೆ ಉಳಿದಿತ್ತು.

ಅದರ ಮುಂದಿನ ದೀಪಾವಳಿಗೆ ಮಗಳು ಹೈದರಾಬಾದಿನಿಂದ ಬಂದಳು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚುವಾಗ ಅವಳ ಹೊಕ್ಕುಳದ ಮೇಲೆ ಎರಡು ಪುಟ್ಟ ಗುಂಡುಗಳು ದೀಪದ ಬೆಳಕಿಗೆ ಮಿನುಗಿದವು. ನನ್ನ ಕೈ ನಿಂತಿತು.

"ಏನಿದು? ಯಾರಿಗೆ ತೋರಸಲಿಕ್ಕೆ?"

"ಯಾರಿಗೂ ತೋರಸಲಿಕ್ಕಲ್ಲ ಅಮ್ಮ. ತೋರಸೋದಿದ್ದರ ಮೂಗಿಗೇ ಚುಚ್ಚಿಸಿಕೋತಿದ್ದೆ."

ಎಣ್ಣೆಗೈಯಲ್ಲೇ ನಾನು ನನ್ನ ಮೂಗನ್ನು ಮುಟ್ಟಿಕೊಂಡೆ. ಅವಳು ನನ್ನನ್ನು ನೋಯಿಸಲು ಆಡಿದ ಮಾತಲ್ಲ. ಆದರೆ ಅಂದು ನಾನು ಕೇಳಿದ ಪ್ರಶ್ನೆ ನನ್ನ ಅಜ್ಜಿಯದಾಗಿತ್ತು, ಆ ಹಿರಿಯ ಅತ್ತೆಯದಾಗಿತ್ತು. ಹೆಣ್ಣಿನ ಮೈಮೇಲೆ ಇರುವುದೆಲ್ಲ ಯಾರದೋ ಕಣ್ಣಿಗಾಗಿ ಎಂದು ನಾನೂ ನಂಬಿದ್ದೆ.

ಆ ಮಾತು ಒಳಗೆ ಕುಳಿತು ಎರಡು ವರ್ಷ ಹಣ್ಣಾಯಿತು. ಮೂಗನ್ನೇ ಮತ್ತೆ ಚುಚ್ಚಿಸಿಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಯೋಚಿಸಿದ್ದೆ. ಅದು ಬಂಧುಗಳಿಗೆ ಕೊಡುವ ಉತ್ತರವಾಗುತ್ತಿತ್ತು. ಮತ್ತೆ ಅವರು ನೋಡಬೇಕು, ನಾನು ಅವರ ಮುಖ ನೋಡಬೇಕು. ನನಗೆ ಬೇಕಾದದ್ದು ಯಾರಿಗೂ ಉತ್ತರವಾಗದ ಒಂದು ಹರಳು.

ಆ ಎರಡನೆಯ ಮಹಡಿಯಲ್ಲಿ ಮುಂಗೈ ತುಂಬ ಹಚ್ಚೆ ಹಾಕಿಸಿಕೊಂಡ, ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ತಲೆಯೆತ್ತಿ "ಕೋಣಾಸಾಠೀ, ಕಾಕೂ?" ಎಂದು ಕೇಳಿದಳು. ಯಾರಿಗಾಗಿ? ಮಗಳನ್ನೋ ಸೊಸೆಯನ್ನೋ ಕರೆತಂದಿರಬೇಕೆಂದು ಆಕೆಯ ಎಣಿಕೆ. "ಮಾಝ್ಯಾಸಾಠೀ" ಎಂದೆ. ನನಗಾಗಿ. ಮೂವತ್ತು ವರ್ಷಗಳ ಸಮೀಪ ಮರಾಠಿ ಮಾತನಾಡುತ್ತಿದ್ದೇನೆ. ಆ ಪದವನ್ನು ಆ ಅರ್ಥದಲ್ಲಿ ಎಂದೂ ಬಳಸಿದ ನೆನಪಿಲ್ಲ.

ಆಕೆ ನಗಲಿಲ್ಲ. ಆಧಾರ್ ಕಾರ್ಡ್ ನೋಡಿದಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತೀರಾ, ಗಾಯದ ಕಲೆ ಗಂಟುಕಟ್ಟುವ ಚರ್ಮವೇ ಎಂದೆಲ್ಲ ಕೇಳಿ ಬರೆದುಕೊಂಡಳು. ಒಪ್ಪಿಗೆಯ ಹಾಳೆಗೆ ರುಜು ಹಾಕಿದೆ. ಎಲ್ಲರ ಹೊಕ್ಕುಳಕ್ಕೂ ಇದು ಒಗ್ಗುವುದಿಲ್ಲವಂತೆ. ಮೇಲಂಚಿನಲ್ಲಿ ಚರ್ಮದ ಸ್ಪಷ್ಟವಾದ ಮಡಿಕೆ ಇರಬೇಕು. ನಿಂತರೆ, ಕುಳಿತರೆ ಹೊಟ್ಟೆಯ ಆಕಾರ ಬದಲಾಗುವುದರಿಂದ ನಿಲ್ಲಿಸಿಯೇ ಗುರುತು ಹಾಕುತ್ತಾರೆ. ಹೆರಿಗೆಯ ಶಸ್ತ್ರಚಿಕಿತ್ಸೆಯ ಗೆರೆ, ಸಡಿಲವಾದ ಚರ್ಮ, ಬೆಳ್ಳಗಿನ ಬಸಿರ ಕಲೆಗಳು: ಇಷ್ಟು ವರ್ಷ ವೈದ್ಯರಿಗೆ ಬಿಟ್ಟು ಯಾರಿಗೂ ತೋರಿಸದ ಹೊಟ್ಟೆಯನ್ನು ಆ ಹುಡುಗಿ ದರ್ಜಿ ಬಟ್ಟೆ ನೋಡುವಂತೆ ನೋಡಿ, "ಜಾಗ ಇದೆ ಕಾಕೂ" ಎಂದಳು.

ಆಟೋಕ್ಲೇವಿನ ಉಗಿಯಲ್ಲಿ ಶುದ್ಧಿಯಾದ ಪೊಟ್ಟಣವನ್ನು ನನ್ನ ಕಣ್ಣೆದುರೇ ಹರಿದಳು. ಅಂಗಡಿಗಳಲ್ಲಿ ಕಿವಿಗೆ ಹೊಡೆಯುವ ಗನ್ನು ಇಲ್ಲಿ ಬಳಸುವುದಿಲ್ಲ. ಅದು ಮೊಂಡು ಕಡ್ಡಿಯನ್ನು ಒತ್ತಿ ತೂರಿಸುತ್ತದೆ, ಅದರ ಪ್ಲಾಸ್ಟಿಕ್ಕಿನ ಮೈ ಉಗಿಯ ಕಾವನ್ನು ತಾಳುವುದಿಲ್ಲ. ಇವಳ ಕೈಯಲ್ಲಿದ್ದದ್ದು 1.6 ಮಿಲಿಮೀಟರು ದಪ್ಪದ ಟೊಳ್ಳು ಸೂಜಿ, ಅದರ ಹಿಂದೆಯೇ ಜಾರಿಬರಲು ಬಾಗಿದ ಟೈಟಾನಿಯಂ ಕಡ್ಡಿ. ಮಲಗಿಸಿ, ಚಿಮ್ಮಟದಿಂದ ಮಡಿಕೆಯನ್ನು ಹಿಡಿದು, "ಬೇಡವೆನಿಸಿದರೆ ಈಗಲೂ ಹೇಳಬಹುದು" ಎಂದಳು. ಮತ್ತೆ ಕೇಳಿದಳು: "ನೋಡುತ್ತೀರಾ, ಅಥವಾ ಕಣ್ಣು ಮುಚ್ಚಿಕೊಳ್ಳುತ್ತೀರಾ?"

ನೋಡಿದೆ. ಚಿಮ್ಮಟದ ಹಿಡಿತವೇ ಸೂಜಿಗಿಂತ ಹೆಚ್ಚು ನೋಯಿಸಿತು. ಉಸಿರು ಎಳೆದು ಬಿಡುವಷ್ಟರಲ್ಲಿ ಮುಗಿದಿತ್ತು. ಕಣ್ಣಲ್ಲಿ ನೀರು ಬಂತು. ಹೊಕ್ಕುಳಕ್ಕೂ ಕಣ್ಣಿಗೂ ಅಂಥ ಸಂಬಂಧವೇನೂ ಇಲ್ಲ.

ಕಷ್ಟವಿದ್ದದ್ದು ನಂತರ. ಮಾಯಲು ಆರು ತಿಂಗಳಿಂದ ಒಂದು ವರ್ಷ. ಔಷಧದಂಗಡಿಯ ಲವಣಜಲದಿಂದ ತೊಳೆಯಬೇಕು, ಕಡ್ಡಿಯನ್ನು ತಿರುಗಿಸಬಾರದು, ಅರಿಶಿನ, ಎಣ್ಣೆ, ಡೆಟಾಲ್ ಯಾವುದೂ ಕೂಡದು. ಅರಿಶಿನವಿಲ್ಲದೆ ಗಾಯ ಮಾಯುತ್ತದೆಂದು ನಂಬುವುದಕ್ಕೆ ನನಗೆ ಸೂಜಿಗಿಂತ ಹೆಚ್ಚು ಧೈರ್ಯ ಬೇಕಾಯಿತು. ಮೂರನೆಯ ತಿಂಗಳಲ್ಲಿ ಕೆಂಪೇರಿ ಊದಿಕೊಂಡಾಗ ಗಾಬರಿಯಿಂದ ಓಡಿದೆ. ಹುಡುಗಿ ನೋಡಿ, ಸೋಂಕಲ್ಲ, ಲಂಗದ ಲಾಡಿ ಅಲ್ಲೇ ಒತ್ತುತ್ತಿದೆ ಎಂದಳು. ಸೀರೆಯನ್ನು ಹೊಕ್ಕುಳದ ಮೇಲೆ ಉಡಬೇಕೆಂದು ಅವ್ವ ಕಲಿಸಿದ್ದಳು. ಆ ಪಾಠವನ್ನು ಎರಡು ಬೆರಳು ಕೆಳಗಿಳಿಸಬೇಕಾಯಿತು.

ಇದರಿಂದ ಆ ಹನ್ನೊಂದನೆಯ ದಿನ ಅಳಿಸಿಹೋಯಿತೆಂದು ಹೇಳಲಾರೆ. ಬಚ್ಚಲಿನ ಕನ್ನಡಿಯಲ್ಲಿ ಮೂಗಿನ ಆ ಚುಕ್ಕೆ ಇಂದಿಗೂ ಕಾಣುತ್ತದೆ. ಅಂದು ಬಾಯಿ ಬಿಡದ ಹೆಂಗಸು ನಾನೇ. ಮಗಳನ್ನು ನೋಡಿ ಅನುಕರಿಸಿದೆನೇ ಎಂಬ ಅನುಮಾನವೂ ಆಗಾಗ ಬರುತ್ತದೆ. ಇರಬಹುದು. ತಾಯಂದಿರನ್ನು ಅನುಕರಿಸಿ ಇಷ್ಟು ಕಾಲ ಬದುಕಿದ್ದಾಯಿತು. ಮಕ್ಕಳದ್ದೂ ಒಂದು ಇರಲಿ.

ಕಳೆದ ವಾರ ಅವಳಿಗೆ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಆತಂಕದ ದನಿಯಲ್ಲಿ ಕೇಳಿದಳು: "ಅಮ್ಮ, ಅರಿಶಿನ ಏನೂ ಹಚ್ಚಿಲ್ಲಲಾ?"

ತೋರಿಸಲಾರದ್ದನ್ನು ಬರೆಯುವುದೇಕೆ ಎಂದರೆ, ತೋರಿಸುವುದು ಬೇರೆ, ಹೇಳುವುದು ಬೇರೆ. ಹೇಳುವಾಗ ಎಷ್ಟು, ಯಾವಾಗ ಎಂಬುದು ನನ್ನ ಕೈಯಲ್ಲಿರುತ್ತದೆ. ನವೆಂಬರಿನ ರಾಜ್ಯೋತ್ಸವದ ಸಮಾರಂಭದಲ್ಲಿ ನಾನು ಸೀರೆಯನ್ನು ತುಸು ಕೆಳಗೆ ಉಟ್ಟಿದ್ದನ್ನು ಗಮನಿಸಿ, ಸಮಾರಂಭ ಮುಗಿದ ಮೇಲೆ "ಸೀರಿ ಜಾರೇದ ನೋಡ್ರಿ" ಎಂದು ಕಿವಿಯಲ್ಲಿ ಹೇಳಿದ ಗೆಳತಿಯೂ ಇದನ್ನು ಓದುತ್ತಾರೆ. ಜಾರಿರಲಿಲ್ಲ ಕಣ್ರೀ.