ಅಪ್ಪನ ಸೋಯಾ, ಮಾವನ ಹಡಗು

ಹಡಗಿನಲ್ಲಿ ಎರಡು ರಾತ್ರಿ ಇದ್ದು ಬಂದು ವರ್ಷವಾಗುತ್ತಾ ಬಂತು. ನಾರಾಯಣಪುರದ ಕಟ್ಟೆ ಮೇಲೆ ಕೂತವರು ಈಗಲೂ “ಹಡಗದ ಕಥಿ ಹೇಳಪಾ” ಅನ್ನುತ್ತಾರೆ. ಊಟದ ಕಥೆ, ಈಜುಕೊಳದ ಕಥೆ ಹೇಳಿ ಎದ್ದು ಬರುತ್ತೇನೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾವನಿಗೆ ಮೊದಲೇ ತಿಳಿಸಿದ್ದೇನೆ. “ಕಂಪನಿ ಹೆಸರು ಹಾಕಬ್ಯಾಡ” ಅಂದರು, ಹಾಕಿಲ್ಲ.

ಮಾವ ಅಂದರೆ ಅಕ್ಕನ ಗಂಡ. ಬೀಜ, ಗೊಬ್ಬರ, ಔಷಧದ ದುಕಾನ ಇಟ್ಟಿದ್ದಾರೆ. ಸೋಯಾಕ್ಕೆ ಹೊಡೆಯುವ ಔಷಧದ ಕಂಪನಿಯೊಂದು ಹೋದ ಮುಂಗಾರಿಗೆ ಸ್ಕೀಮ್ ಇಟ್ಟಿತ್ತು. ಇಷ್ಟು ಪೆಟ್ಟಿಗೆ ಮಾರಿದರೆ ಬೆಳ್ಳಿ ನಾಣ್ಯ, ಅದಕ್ಕೂ ಹೆಚ್ಚು ಮಾರಿದರೆ ಮುಂಬೈನಿಂದ ಇಬ್ಬರಿಗೆ ಹಡಗಿನ ಪ್ರವಾಸ. ಮಾವನಿಗೆ ಹಡಗು ಬಂತು. ಅಕ್ಕನಿಗೆ ಹುಮನಾಬಾದ್ ಬಸ್ಸಿನಲ್ಲೇ ವಾಂತಿ ಆಗುತ್ತದೆ, ಹಾಗಾಗಿ ಎರಡನೇ ಟಿಕೆಟ್ ನನಗೆ. ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆದು ಬದುಕುವವನು ನಾನು, ಬೇಡ ಅನ್ನಲಿಲ್ಲ.

ಸಸ್ತಾಪುರ ಬಂಗ್ಲಾದಲ್ಲಿ ರಾತ್ರಿ ಸ್ಲೀಪರ್ ಬಸ್ ಹತ್ತಿದೆವು. ಮರುದಿನ ಮುಂಬೈನ ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ನಿಂತಿತ್ತು. ಹೆಸರು ‘ಎಂಪ್ರೆಸ್’. 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಬಹಳ ವರ್ಷ ಅಮೆರಿಕದ ಕಡೆ ಓಡಾಡಿ, 2021ರಲ್ಲಿ ಮುಂಬೈಗೆ ಬಂದದ್ದು. 11 ಅಂತಸ್ತು, ಸುಮಾರು 210 ಮೀಟರ್ ಉದ್ದ. ಚುಳಕಿನಾಲಾ ಡ್ಯಾಮಿನ ನೀರನ್ನೇ ದೊಡ್ಡದು ಅಂದುಕೊಂಡಿದ್ದವನಿಗೆ ಇಷ್ಟು ದೊಡ್ಡ ವಸ್ತು ತೇಲುತ್ತದೆ ಅನ್ನುವುದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಶುಕ್ರವಾರ ಸಂಜೆ ಹೊರಟ ಹಡಗು ಎಲ್ಲಿಗೆ ಹೋಯಿತು ಅಂತ ಊರಲ್ಲಿ ಎಲ್ಲರೂ ಕೇಳಿದ್ದಾರೆ. ಎಲ್ಲಿಗೂ ಇಲ್ಲ. ಸಮುದ್ರದೊಳಗೆ ಹೋಗಿ, ಶನಿವಾರ ಇಡೀ ದಿನ ತಿರುಗಾಡಿ, ಭಾನುವಾರ ಬೆಳಿಗ್ಗೆ ಅದೇ ಕಟ್ಟೆಗೆ ಬಂದು ನಿಂತಿತು. ನಡುವೆ ಮಾಡುವ ಕೆಲಸ ಅಂದರೆ ತಿನ್ನುವುದು, ಮಲಗುವುದು, ಆಟ ನೋಡುವುದು. ಫೋನಿಗೆ ಸಿಗ್ನಲ್ ಇಲ್ಲ. ಎಷ್ಟು ಸಲ ತಟ್ಟೆ ಹಿಡಿದು ಹೋದರೂ ಯಾರೂ ಕೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಬಜ್ಜಿ, ರೊಟ್ಟಿ, ಅಂಬಲಿ ಇಟ್ಟು ದಾರಿಹೋಕರನ್ನೂ ಕರೆದು ಉಣಿಸುತ್ತೇವಲ್ಲ, ಆ ಕೈ ಸಡಿಲ ನನಗೆ ಗೊತ್ತು. ಆದರೆ ಅಲ್ಲಿ ಉಣಿಸುವವರು ಯಾರು ಅಂತ ಕಣ್ಣೆದುರು ಇರುತ್ತದೆ. ಇಲ್ಲಿ ಯಾರ ಲೆಕ್ಕದಲ್ಲಿ ಉಣ್ಣುತ್ತಿದ್ದೇನೆ ಅಂತ ಶನಿವಾರ ರಾತ್ರಿಯವರೆಗೆ ನಾನು ಯೋಚಿಸಲೇ ಇಲ್ಲ.

ಆ ರಾತ್ರಿ ಮೇಲಿನ ಅಂತಸ್ತಿನಲ್ಲಿ ಬೀದರ್, ಕಲಬುರಗಿ, ಲಾತೂರ್, ನಾಂದೇಡ್ ಕಡೆಯ ದುಕಾನದವರು ಗುಂಪಾಗಿ ಕೂತಿದ್ದರು. ಯಾರು ಟಾರ್ಗೆಟ್ ಹೇಗೆ ಮುಟ್ಟಿಸಿದರು ಅನ್ನುವ ಮಾತು ನಡೆದಿತ್ತು. ಮಾವನ ಪಾಳಿ ಬಂತು.

“ಗಣಪತಿ ಆದ ಮ್ಯಾಲೂ ಆರು ಪೆಟ್ಟಿಗಿ ಉಳದಿದ್ವು. ಎಲಿ ಹಳದಿ ಆಗ್ಯಾವ ಅಂತ ಯಾರು ಬಂದ್ರೂ ಒಂದೊಂದು ಬಾಟ್ಲಿ ಕೊಟ್ಟೆ. ಖಲಾಸ್.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನೆನಪಾಯಿತು, ಗಣಪತಿ ಮುಗಿದ ವಾರ ಎಲೆ ಹಳದಿ ಆಗಿದೆ ಅಂತ ಅಪ್ಪ ಆ ದುಕಾನಕ್ಕೆ ಹೋಗಿದ್ದ.

ಸೋಯಾದಲ್ಲಿ ಹಳದಿ ಎರಡು ಥರ. ಎಳೆಯ ಎಲೆಗಳಲ್ಲಿ ಹಸಿರು-ಹಳದಿ ಚುಕ್ಕೆ ಬೆರೆತು ಬಂದರೆ ಅದು ನಂಜು ರೋಗ. ಬಿಳಿ ನೊಣ ಹರಡುತ್ತದೆ, ಔಷಧ ಹೊಡೆದರೆ ನೊಣ ಸಾಯಬಹುದು, ಅಂಟಿದ ನಂಜು ಹೋಗುವುದಿಲ್ಲ. ಕಾಯಿ ತುಂಬಿದ ಮೇಲೆ ಗಿಡದ ಎಲೆಯೆಲ್ಲ ಒಂದೇ ಸಮ ಹಳದಿಯಾಗಿ ಉದುರಿದರೆ ಅದು ರೋಗವೇ ಅಲ್ಲ, ಬೆಳೆ ಮಾಗುವುದು. ಅಪ್ಪನ ಹೊಲದಲ್ಲಿ ಇದ್ದದ್ದು ಎರಡನೆಯದು. ಮೂರು ಎಕರೆಗೆ ಔಷಧ 2,700 ರೂಪಾಯಿ ಉದ್ರಿ, ಹೊಡೆದವರ ಕೂಲಿ ಬೇರೆ. “ಅಳಿಯಂದಿರು ಹೇಳ್ಯಾರ” ಅಂತ ಅಪ್ಪ ಮರುಮಾತಾಡದೆ ಹೊಡೆಸಿದ್ದ.

ಕೋಣೆಗೆ ಬಂದ ಮೇಲೆ ಕೇಳಿದೆ. “ಮಾವಾ, ನಮ್ಮಪ್ಪಗೂ ಅದೇ ಆರು ಪೆಟ್ಟಿಗ್ಯಾಗಿಂದೇ ಕೊಟ್ರೇನ್ರಿ?”

ಮಾವ ಬಹಳ ಹೊತ್ತು ಸುಮ್ಮನಿದ್ದರು. ದುಕಾನದವರಿಗೆ ಬೇಸಾಯ ಕಲಿಸುವ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಮಾಡಿದವರು ಅವರು. ಯಾವ ಹಳದಿ ಯಾವುದು ಅಂತ ನನಗಿಂತ ಚೆನ್ನಾಗಿ ಗೊತ್ತು. “ನಾ ಕೊಡಲಿಲ್ಲ ಅಂದ್ರ ಬ್ಯಾರೆ ದುಕಾನದಿಂದ ತರ್ತಿದ್ರು. ಉಳದ ಪೆಟ್ಟಿಗಿ ಕಂಪನಿಯವರು ವಾಪಸ್ ತಗೊಳ್ಳಲ್ಲ. ನನಗೂ ಉದ್ರಿ ಅದ” ಅಂದರು. ಸುಳ್ಳಲ್ಲ. ಪೂರ್ತಿ ಉತ್ತರವೂ ಅಲ್ಲ.

ಔಷಧ ಕಂಪನಿಗಳು ಡಾಕ್ಟರರಿಗೆ ಪ್ರವಾಸ ಮಾಡಿಸಬಾರದು ಅಂತ ಕೇಂದ್ರ ಸರ್ಕಾರ 2024ರಲ್ಲಿ ಸಂಹಿತೆ ತಂದಾಗ ನಾವೆಲ್ಲ ಒಳ್ಳೆಯದಾಯಿತು ಅಂದಿದ್ದೆವು. ನಮ್ಮ ಹಳ್ಳಿಗಳಲ್ಲಿ ಬೆಳೆಯ ಡಾಕ್ಟರ್ ಅಂದರೆ ದುಕಾನದವರೇ.

ಭಾನುವಾರ ಬೆಳಿಗ್ಗೆ ಇಳಿಯುವ ಮೊದಲು ನಾನು ಮತ್ತೆ ತಟ್ಟೆ ತುಂಬ ತಿಂದೆ. ಅದನ್ನೂ ಬರೆಯಬೇಕು.

ಮನೆಗೆ ಬಂದಾಗ ಅವ್ವ ಕೇಳಿದಳು, “ಸಮುದ್ರದ ನೀರು ಖರೇನೇ ಉಪ್ಪ ಇರ್ತದೇನು?” ನನಗೆ ಉತ್ತರ ಬರಲಿಲ್ಲ. ಎರಡು ದಿನ ಅದರ ಮೇಲೇ ಇದ್ದೆ, ಬೆರಳಿನಿಂದಲೂ ಮುಟ್ಟಿರಲಿಲ್ಲ. ಅದೇ ವಾರ ಅಪ್ಪ ರಾಶಿಯ ದುಡ್ಡಿನಲ್ಲಿ ಉದ್ರಿ ತೀರಿಸಿದ. ಅಪ್ಪನಿಗೆ ನಾನು ಏನೂ ಹೇಳಲಿಲ್ಲ.

ಈ ವರ್ಷ ಗಣಪತಿ ಮುಗಿದ ಮೇಲೆ ಎಲೆ ಮತ್ತೆ ಹಳದಿಯಾಯಿತು. ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸಿದೆ. ಮಾಗುತ್ತಿದೆ, ಏನೂ ಹೊಡೆಯಬೇಡಿ ಅಂದರು. ಹೋದ ವರ್ಷದ ಮಾತನ್ನೂ ಅಪ್ಪನಿಗೆ ಆಗಲೇ ಹೇಳಿದೆ. ಎಲ್ಲ ಕೇಳಿಸಿಕೊಂಡ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ.

“ಎಲ್ಲಿಗಪ್ಪಾ?”

“ದುಕಾನಿಗಿ. ಒಂದು ಬಾಟ್ಲಿ ತಗೋತೀನಿ. ಹೊಡೆಯಂಗಿಲ್ಲ, ಇಡ್ತೀನಿ. ಹಿಂಗಾರಿ ಕಡಲಿ ಬೀಜ ಉದ್ರಿ ಕೊಡೋರು ಅವರೇ ಅಲ್ಲೇನು?”