ಗಾಜಿನೊಳಗಿನ ಬಿಸಿಲು

ಕಳೆದ ಜ್ಯೇಷ್ಠ ಮಾಸದಲ್ಲಿ ನನ್ನ ಮಗನು ಎಂಟು ತಿಂಗಳ ಕೆಲಸಕ್ಕಾಗಿ ಪರದೇಶಕ್ಕೆ ಹೊರಟಾಗ, ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆಯನ್ನಿಟ್ಟು ಹೋದನು. ಅದರೊಳಗೆ ಮೊಳದುದ್ದದ, ಮರಳಿನ ಬಣ್ಣದ, ಮೈಮೇಲೆ ಮುಳ್ಳುಗಳುಳ್ಳ ಪ್ರಾಣಿಯೊಂದು ಅರೆಗಣ್ಣು ಮುಚ್ಚಿ ಕುಳಿತಿದ್ದಿತು. ಸಿಟ್ಟು ಬಂದರೆ ಅದು ಗಂಟಲನ್ನು ಉಬ್ಬಿಸಿ ಕಪ್ಪಾಗಿಸುವದು. ಈ ಕರಿಗಡ್ಡದಿಂದಲೇ ಅದಕ್ಕೆ ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಹೆಸರು ಬಂದಿದೆ. ಆಸ್ಟ್ರೇಲಿಯದ ಒಣ ಒಳನಾಡು ಅದರ ತವರು. ಆದರೆ ನಮ್ಮ ಬೇಲಿಯ ಮೇಲಿನ ಓತಿಕ್ಯಾತವೂ ಅದೂ ಒಂದೇ ಕುಲದವು. “ಬೇಲಿಯ ಮೇಲಿನದನ್ನು ಮನೆಯೊಳಗೆ ತಂದಿರಾ?” ಎಂದು ನನ್ನ ಮನೆಯವಳು ಕೇಳಿದ್ದು ಶಾಸ್ತ್ರಕ್ಕೆ ದೂರವಾದ ಮಾತೇನೂ ಅಲ್ಲ. ನಮ್ಮ ಕಾಡಿನ ಉಡವನ್ನು ಹೀಗೆ ಹಿಡಿದಿಟ್ಟರೆ ಮಾತ್ರ 1972ರ ವನ್ಯಜೀವಿ ಸಂರಕ್ಷಣೆಯ ಕಾಯದೆಯಂತೆ ಅಪರಾಧವಾಗುವದೆಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಅಮರಕೋಶದಲ್ಲಿ ಓತಿಗೆ ಸರಟ, ಕೃಕಲಾಸ ಎಂಬ ಹೆಸರುಗಳಿವೆ. ನಾನು ಅದನ್ನು ಸರಟನೆಂದೇ ಕರೆದೆನು. ನೃಗ ಮಹಾರಾಜನು ತಿಳಿಯದೆ ಒಬ್ಬರ ಆಕಳನ್ನು ಇನ್ನೊಬ್ಬರಿಗೆ ದಾನ ಮಾಡಿ, ಕೃಕಲಾಸವಾಗಿ ಬಾವಿಯಲ್ಲಿ ಬಿದ್ದಿದ್ದನೆಂಬ ಭಾಗವತದ ಕಥೆಯನ್ನು ಎಷ್ಟೋ ವರ್ಷ ಹುಡುಗರಿಗೆ ಹೇಳಿದವನು ನಾನು. ಕೊಡುವವನ ಮನಸ್ಸು ಒಳ್ಳೆಯದಿದ್ದರೂ ತಪ್ಪು ತಪ್ಪೇ ಎಂಬ ಆ ಕಥೆಯ ಮೊನೆಯು ನನ್ನ ಕಡೆಗೇ ತಿರುಗೀತೆಂದು ಆಗ ತೋರಿರಲಿಲ್ಲ.

ಮಗನು ಹೋಗುವಾಗ ಎರಡು ಮಾತು ಹೇಳಿದ್ದನು: ದಿನಾಲು ಬಿಸಿಲಿಗೆ ಒಡ್ಡಬೇಕು, ಪೆಟ್ಟಿಗೆಯ ಮೇಲಿನ ನಳಿಕೆದೀಪವನ್ನು ಹಗಲೆಲ್ಲ ಉರಿಸಬೇಕು. ನಮ್ಮ ಓಣಿಯಲ್ಲಿ ಬೆಕ್ಕುಗಳ ಕಾಟ ಬಹಳ. ಆದುದರಿಂದ ನಾನು ಪ್ರಾಣಿಯನ್ನು ಹೊರಗೊಯ್ಯದೆ, ಪೂರ್ವದ ಕಿಟಕಿಯ ಗಾಜಿನ ಹಿಂದೆ ಬಿಸಿಲು ಬೀಳುವಲ್ಲಿ ಕೂಡ್ರಿಸುತ್ತಿದ್ದೆನು. ದೀಪವೂ ಚೆನ್ನಾಗಿ ಉರಿಯುತ್ತಿತ್ತು. ಹಿತ್ತಲಿನ ಪಾಲಕ, ರಾಜಗಿರಿಗಳನ್ನು ಸಣ್ಣಗೆ ಹೆಚ್ಚಿ ಹಾಕುತ್ತಿದ್ದೆನು. ಅದೂ ಆಸೆಯಿಂದ ತಿನ್ನುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಭಾದ್ರಪದದ ಮೋಡದ ದಿನಗಳಲ್ಲಿ ಅದರ ಬೆರಳುಗಳು ನಡುಗತೊಡಗಿದವು. ಹತ್ತುತ್ತಿದ್ದ ಕೊರಡನ್ನು ಹತ್ತಲಾರದೆ ಜಾರಿ ಬೀಳುವದು. ಹುಳವನ್ನು ಹಿಡಿದರೂ ಕಚ್ಚಲಾರದೆ ಬಿಡುವದು. ಒಂದು ಮುಂಜಾನೆ ಕೆಳದವಡೆಯನ್ನು ಮುಟ್ಟಿ ನೋಡಿದರೆ ಎಲುಬು ರಬ್ಬರಿನಂತೆ ಮಣಿಯಿತು. ಬಲ ಮುಂಗೈ ಬಾಗಿದ್ದಿತು.

ಹುಕ್ಕೇರಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಪಶುವೈದ್ಯನಾಗಿದ್ದಾನೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅವನ ಬಳಿಗೆ ಹೋದೆನು. ಅವನು ಕ್ಷಕಿರಣದ ಚಿತ್ರ ತೆಗೆಯಿಸಿ, ನಾನು ಮಾಡಿದ್ದನ್ನೆಲ್ಲ ಕೇಳಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದನು. ಗುರುವಿಗೆ ತಪ್ಪು ಹೇಳುವದು ಕಠಿಣವಲ್ಲವೆ! ಆಮೇಲೆ ಹೇಳಿದ್ದು ಇದು. ಸೂರ್ಯನಲ್ಲಿ ಕಣ್ಣಿಗೆ ಕಾಣದ ನೀಲಾತೀತ ಕಿರಣಗಳಿರುವವು. ಅವು ಮೈಗೆ ತಗಲಿದರೆ ಚರ್ಮದಲ್ಲಿ ‘ಡಿ’ ಜೀವಸತ್ವವು ಹುಟ್ಟುವದು; ಅದಿಲ್ಲದೆ ತಿಂದ ಸುಣ್ಣದ ಅಂಶವು ಮೈಗೆ ಹತ್ತುವದಿಲ್ಲ. ಆಗ ರಕ್ತವು ತನಗೆ ಬೇಕಾದ ಸುಣ್ಣವನ್ನು ಎಲುಬುಗಳಿಂದಲೇ ಎಳೆದುಕೊಳ್ಳುವದು. ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಡುವದು, ಆ ಕಿರಣಗಳನ್ನು ಮಾತ್ರ ತಡೆಯುವದು. ನಳಿಕೆದೀಪವೂ ಹಾಗೆಯೇ: ಆರು ತಿಂಗಳು ಅಥವಾ ವರ್ಷವಾಗುವಷ್ಟರಲ್ಲಿ ಅದರ ನೀಲಾತೀತ ಶಕ್ತಿಯು ಕುಂದುವದು, ಬೆಳಕು ಮಾತ್ರ ಮೊದಲಿನಂತೆಯೇ ಇರುವದು. ಮಗನು ಅದನ್ನು ಕೊಂಡು ವರ್ಷ ಮೀರಿದ್ದಿತು. ಇನ್ನು ಪಾಲಕ, ರಾಜಗಿರಿಗಳಲ್ಲಿರುವ ಆಕ್ಸಲಿಕ್ ಆಮ್ಲವು ಇದ್ದ ಸುಣ್ಣವನ್ನೂ ಕಟ್ಟಿಹಾಕುವದು. ಮೂರು ತಿಂಗಳು ನಾನು ಅದಕ್ಕೆ ಕೊಟ್ಟದ್ದು ಬಿಸಿಲಿನ ತೋರಿಕೆಯನ್ನೇ!

ವೈದ್ಯನು ಸುಣ್ಣದ ಔಷಧವನ್ನು ಹನಿಗಳ ಲೆಕ್ಕದಲ್ಲಿ ಬರೆದುಕೊಟ್ಟನು. ‘ಡಿ’ ಜೀವಸತ್ವವು ಹೆಚ್ಚಾದರೂ ವಿಷವಾಗುವದರಿಂದ ಸ್ವಂತ ಬುದ್ಧಿಯಿಂದ ಒಂದು ಹನಿಯನ್ನೂ ಕೂಡಿಸಬಾರದೆಂದು ಎರಡು ಸಲ ಹೇಳಿದನು. ನನ್ನ ಸ್ವಂತ ಬುದ್ಧಿಯ ಪರಿಚಯ ಅವನಿಗೆ ಅಷ್ಟರಲ್ಲಿ ಆಗಿದ್ದಿತು.

ಮನೆಗೆ ಬಂದವನೇ ಬಡಿಗನಿಂದ ತಂತಿಬಲೆಯ ಪಂಜರವನ್ನು ಮಾಡಿಸಿದೆನು. ಮೋಡವಿಲ್ಲದ ದಿನ ಮುಂಜಾನೆ ಅರ್ಧ ತಾಸು ಅದನ್ನು ಅಂಗಳದಲ್ಲಿಟ್ಟು, ಪಕ್ಕದಲ್ಲಿ ನಾನೇ ಕುಳಿತು ಬೆಕ್ಕನ್ನು ಕಾಯುವೆನು. ಪಂಜರದ ಅರ್ಧಕ್ಕೆ ನೆರಳಿರಲೇಬೇಕು. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರೆ ಪ್ರಾಣಿಯು ಸ್ವಲ್ಪ ಹೊತ್ತಿನಲ್ಲಿಯೇ ಬೆಂದುಹೋಗುವದು. ಮನೆಯೊಳಗೆ ಹೊಸ ನಳಿಕೆ. ಮೈ ಕಾಯಿಸುವ ಕೊರಡಿನ ಮೇಲೆ ಸುಮಾರು 40 ಅಂಶ ಶಾಖ, ಇನ್ನೊಂದು ತುದಿಗೆ 25ರ ಆಸುಪಾಸು. ಓತಿಯ ರಕ್ತಕ್ಕೆ ಸ್ವಂತ ಒಲೆಯಿಲ್ಲ. ಬಿಸಿಗೂ ತಂಪಿಗೂ ತಾನೇ ಸರಿದಾಡಲು ಅದಕ್ಕೆ ಎಡೆ ಬೇಕು. ಶಾಖವಿಲ್ಲದಿದ್ದರೆ ತಿಂದದ್ದೂ ಅರಗುವದಿಲ್ಲ.

ಆಹಾರದಲ್ಲಿ ಪಾಲಕ ಹೋಯಿತು. ಅದರ ಬದಲು ನುಗ್ಗೆಯ ಸೊಪ್ಪು, ದಾಸವಾಳದ ಹೂವು, ಕುಂಬಳಕಾಯಿಯ ತುರಿ ಬಂದವು. ಮರಿಗಳಿಗೆ ಹುಳವೇ ಹೆಚ್ಚು ಬೇಕು, ಬೆಳೆದವಕ್ಕೆ ಸೊಪ್ಪು. ಮೂಡಲಗಿಯ ಗೆಳೆಯನೊಬ್ಬನು ಕಬ್ಬಿನ ಗದ್ದೆಯಿಂದ ಡಬ್ಬಿಯ ತುಂಬ ಮಿಡತೆಗಳನ್ನು ಪ್ರೀತಿಯಿಂದ ಹಿಡಿದು ತಂದನು. ಗದ್ದೆಗೆ ಔಷಧ ಹೊಡೆದಿದ್ದಾರೆಯೇ ಎಂದು ಕೇಳಿದೆನು, ಹೊಡೆದಿದ್ದರು. ಅವನೆದುರಿಗೇ ಬೇಡವೆನ್ನಲು ಬಾಯಿ ಬರಲಿಲ್ಲ. ಅವನು ಹೋದ ಮೇಲೆ ಡಬ್ಬಿಯನ್ನು ಹಾಗೆಯೇ ಹೂಳಿದೆನು. ಈಗ ಮನೆಯಲ್ಲಿಯೇ ಬೆಳೆಸಿದ ಚಿಮ್ಮಂಡೆಗಳನ್ನು ಸುಣ್ಣದ ಪುಡಿಯಲ್ಲಿ ಹೊರಳಿಸಿ ಕೊಡುವೆನು. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳವು ದೊಡ್ಡದಿರಕೂಡದು. ಮಿಂಚುಹುಳವಂತೂ ಒಂದೇ ಆದರೂ ಪ್ರಾಣಕ್ಕೆ ಎರವು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವದು ನಮ್ಮ ಆರೋಗ್ಯಕ್ಕೂ ಅವಶ್ಯ. ಈ ಜಾತಿಯ ಪ್ರಾಣಿಗಳಿಂದ ಭೇದಿಯ ರೋಗಾಣುಗಳು ಅಂಟುವದುಂಟು.

ಕಾರ್ತಿಕದಲ್ಲಿ ಅದು ಪುನಃ ಕೊರಡನ್ನೇರಿತು. ನನ್ನ ಮನೆಯವಳೇ ಮೊದಲು ನೋಡಿ ಅಡಿಗೆಯ ಮನೆಯಿಂದ ಕೂಗಿದಳು. ದವಡೆ ಗಟ್ಟಿಯಾಯಿತು, ನಡುಕ ನಿಂತಿತು. ಮುಂಗೈಯ ಡೊಂಕು ಮಾತ್ರ ಉಳಿಯಿತು.

ಮಗನು ಪ್ರತಿ ರವಿವಾರ ದೂರವಾಣಿಯಲ್ಲಿ ಕೇಳಿದಾಗಲೆಲ್ಲ ‘ಕ್ಷೇಮ’ ಎಂದೇ ಹೇಳುತ್ತಿದ್ದೆನು. ಮಾಘದಲ್ಲಿ ಬಂದವನು ಅದನ್ನು ಅಂಗೈಯಲ್ಲೆತ್ತಿಕೊಂಡು, “ಅಪ್ಪಾ, ಈ ಕೈ ಹೀಗಿರಲಿಲ್ಲ” ಎಂದನು. ನಾನು ಅವನನ್ನು ಕರೆದೊಯ್ದು ಕಿಟಕಿಯನ್ನು ತೋರಿಸಿದೆನು. ಎತ್ತಿಟ್ಟಿದ್ದ ಹಳೆಯ ನಳಿಕೆಯನ್ನೂ ತೋರಿಸಿ ಎಲ್ಲವನ್ನೂ ಹೇಳಿದೆನು. ಅವನು ಬಹಳ ಹೊತ್ತು ನಳಿಕೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದು, ಅದು ಹಳೆಯದೆಂದು ತಾನಾದರೂ ನೆನಪಿಸಬೇಕಾಗಿತ್ತೆಂದನು.

ಹೋಗುವಾಗ ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟನು. ಹೊಸ ನಳಿಕೆಯ ಮೇಲೆ ಹಚ್ಚಿದ ತಾರೀಖನ್ನು ಬರೆದು ಅಂಟಿಸಿದ್ದೇನೆ. ಬರುವ ಭಾದ್ರಪದಕ್ಕೆ ಅದನ್ನು ಬದಲಿಸಬೇಕು.