ಊರ ನಡುಮಧ್ಯೆ ಎರಡು ರಾತ್ರಿ

ಹೋಟೆಲ್ ಬುಕ್ ಮಾಡುವಾಗ ನಾವೆಲ್ಲ ಮೊದಲು ನೋಡೋದು ಫೋಟೋ, ಆಮೇಲೆ ರೇಟಿಂಗ್, ಆಮೇಲೆ ಬೆಲೆ. ಜೊತೆಗೆ ಮಂಡಿ ನೋವಿರುವವರು ಇದ್ದರೆ ಮೊದಲು ಮ್ಯಾಪ್ ನೋಡಿ ಅಂತೀನಿ ನಾನು.

ನಮ್ಮಮ್ಮನಿಗೆ 63. ಟ್ರಿಪ್ ಅಂದ್ರೆ ಖುಷಿಯಿಂದ ಹೊರಡ್ತಾಳೆ. ಊರು ತಲುಪಿದ ಮೇಲೆ ಮಾತ್ರ ಒಂದೇ ಡೈಲಾಗ್: "ನೀವಿಬ್ರೂ ಹೋಗ್ಬನ್ನಿ, ನಾನು ರೂಮಲ್ಲೇ ಇರ್ತೀನಿ ಕಣೋ." ಊರಾಚೆಯ ರೆಸಾರ್ಟ್ ಆದರೆ ಈ ಮಾತು ಸುಲಭವಾಗಿ ನಡೆದುಹೋಗುತ್ತೆ. ಬೆಳಗ್ಗೆ ಕಾರು ಹತ್ತಿದರೆ ವಾಪಸ್ ಬರೋದು ರಾತ್ರಿಗೇ, ನಡುವೆ ಕಾಲು ಚಾಚೋಕೆ ಜಾಗ ಇರಲ್ಲ. ಮಕ್ಕಳಿಗೆ ಯಾಕೆ ತೊಂದರೆ ಅಂತ ಅವಳೇ ಹಿಂದೆ ಉಳೀತಾಳೆ. ಅದಕ್ಕೇ ಈ ಸಲ ಮೈಸೂರಿಗೆ ಹೋದಾಗ, ಕೆ.ಆರ್. ವೃತ್ತದಿಂದ ಐದು ನಿಮಿಷದ ದಾರಿಯಲ್ಲಿರುವ ಒಂದು ಹಳೇ ಹೋಟೆಲ್‌ನಲ್ಲಿ ಎರಡು ರಾತ್ರಿಗೆ ರೂಮ್ ಹಿಡಿದೆ.

ರೂಮ್ ಬಗ್ಗೆ ಹೊಗಳೋಕೆ ಹೆಚ್ಚೇನಿಲ್ಲ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಬಿಸಿನೀರು ಬೆಳಗ್ಗೆ ಒಂಬತ್ತರವರೆಗೆ ಮಾತ್ರ. ಲಿಫ್ಟ್‌ನಲ್ಲಿ ಮೂರು ಜನ ನಿಂತರೆ ನಾಲ್ಕನೆಯದಾಗಿ ಒಂದು ಬ್ಯಾಗೂ ಹಿಡಿಸಲ್ಲ. ಆದರೆ ಲಿಫ್ಟ್ ಇದೆ! ಬಾಗಿಲಲ್ಲಿ ಇರೋದು ಎರಡೇ ಮೆಟ್ಟಿಲು. ಇವೆರಡನ್ನೂ ಫೋನ್ ಮಾಡಿ ಕೇಳಿಕೊಂಡೇ ಬುಕ್ ಮಾಡಿದ್ದೆ.

ಮೊದಲ ದಿನ ಬೆಳಗ್ಗೆ ಅರಮನೆ. ಇಲ್ಲೊಂದು ವಿಷಯ ಗೊತ್ತಿರಲಿ. ಮ್ಯಾಪ್‌ನಲ್ಲಿ ಕೆ.ಆರ್. ವೃತ್ತದ ಪಕ್ಕದಲ್ಲೇ ಅರಮನೆ ಕಾಣುತ್ತೆ, ಆದರೆ ಟಿಕೆಟ್ ತಗೊಂಡು ಒಳಗೆ ಹೋಗೋದು ದಕ್ಷಿಣದ ವರಾಹ ದ್ವಾರದಿಂದ. ಕೋಟೆ ಗೋಡೆ ಸುತ್ತಿಕೊಂಡೇ ಹೋಗಬೇಕು. ಒಳಗೂ ಬರಿಗಾಲಲ್ಲಿ ನಡೆಯೋದು ಸಾಕಷ್ಟಿದೆ, ಹಾಗಾಗಿ ಗೇಟಿನವರೆಗೆ ಆಟೋ ಮಾಡಿಕೊಳ್ಳೋದೇ ವಾಸಿ. ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು, 1912ರಲ್ಲಿ ಮುಗಿದ ಕಟ್ಟಡ ಇದು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ ನೋಡೋಕೆ ಎಲ್ಲರೂ ಕತ್ತು ಎತ್ತಿ ನಿಂತಿದ್ದರೆ ಅಮ್ಮ ಕೂರೋಕೆ ಜಾಗ ಹುಡುಕ್ತಿದ್ದಳು.

ಬೇರೆ ಟ್ರಿಪ್ ಆಗಿದ್ದರೆ ಅವಳ ದಿನ ಅಲ್ಲಿಗೇ ಮುಗೀತಿತ್ತು. ಇಲ್ಲಿ ಹತ್ತು ನಿಮಿಷದಲ್ಲಿ ರೂಮ್ ಸೇರಿ, ಊಟ ಮಾಡಿ, ಎರಡು ಗಂಟೆ ಮಲಗಿ ಎದ್ದಳು. ನಾಲ್ಕು ಗಂಟೆಗೆ ತಾನೇ ಕೇಳಿದಳು: "ಈಗ ಎಲ್ಲಿಗೆ?"

ಹತ್ತಿರದಲ್ಲೇ ಇರುವ ಜಗನ್ಮೋಹನ ಅರಮನೆಗೆ ನಿಧಾನಕ್ಕೆ ನಡೆದೇ ಹೋದೆವು. 1861ರ ಕಟ್ಟಡ, ಈಗ ಚಿತ್ರಶಾಲೆ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನು ರವಿವರ್ಮನದ್ದು ಅಂತಲೇ ಬಹಳ ಜನ ತಿಳಿದಿರ್ತಾರೆ. ಬರೆದದ್ದು ಎಸ್.ಎಲ್. ಹಲ್ದಂಕರ್, ಮಾದರಿಯಾಗಿ ನಿಂತದ್ದು ಅವರ ಮಗಳು. ಅಮ್ಮ ಅದರ ಮುಂದೆ ಎಷ್ಟು ಹೊತ್ತು ನಿಂತಳು ಅಂದ್ರೆ, "ಅತ್ತೆ, ಕಾಲು ನೋಯಲ್ವಾ?" ಅಂತ ನನ್ನ ಹೆಂಡತಿಯೇ ಕೇಳಬೇಕಾಯ್ತು.

ಎರಡನೇ ದಿನ ಬಸ್ ಹಾರ್ನ್‌ಗೆ ಆರೂವರೆಗೇ ಎಚ್ಚರ ಆಯ್ತು. (ಊರ ಮಧ್ಯೆ ಇರೋದಕ್ಕೆ ಇದೇ ಬಾಡಿಗೆ, ಹಿಂಬದಿಯ ರೂಮ್ ಕೇಳಿ ತಗೊಳ್ಳಿ.) ನೋಡಿದರೆ ಅಮ್ಮನ ಮಂಚ ಖಾಲಿ. ಫೋನ್ ಚಾರ್ಜರ್‌ನಲ್ಲೇ ಇದೆ. ಗಾಬರಿಯಿಂದ ಕೆಳಗಿಳಿದೆ. "ಮಾರ್ಕೆಟ್ ದಾರಿ ಕೇಳ್ಕೊಂಡು ಹೋದ್ರು ಸಾರ್" ಅಂದ ರಿಸೆಪ್ಷನ್ ಹುಡುಗ.

ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಯೊಳಗೆ ನುಗ್ಗಿದೆ. 2016ರಲ್ಲಿ ಒಂದು ಭಾಗ ಕುಸಿದಾಗಿನಿಂದ ಕೆಡವಬೇಕೋ ಉಳಿಸಬೇಕೋ ಅಂತ ಜಗ್ಗಾಟಕ್ಕೆ ಸಿಕ್ಕಿದ ಮಾರುಕಟ್ಟೆ ಇದು. ಕುಂಕುಮದ ಗೋಪುರಗಳು, ಬಾಳೆಗೊನೆಗಳು, ಹೂವಿನ ರಾಶಿ. ಅಲ್ಲೇ ಒಂದು ಹೂವಿನಂಗಡಿಯ ಕಟ್ಟೆ ಮೇಲೆ ಅಮ್ಮ ಕಾಲು ಇಳಿಬಿಟ್ಟು ಕೂತಿದ್ದಾಳೆ! ಹೂ ಮಾರುವಾಕೆಯ ಜೊತೆ ಮಂಡಿಗೆ ಯಾವ ಎಣ್ಣೆ ಒಳ್ಳೇದು ಅನ್ನೋ ಚರ್ಚೆ ಜೋರಾಗಿತ್ತು. ನನ್ನನ್ನು ನೋಡಿ ಕೇಳಿದ್ದು, "ನೀನ್ಯಾಕೋ ಬಂದೆ?"

ಅಮ್ಮ ಬೇರೆ ಊರಲ್ಲಿ ಒಬ್ಬಳೇ ಹೊರಗೆ ಕಾಲಿಟ್ಟಿದ್ದನ್ನು ಅಪ್ಪ ಹೋದ ಈ ಐದು ವರ್ಷದಲ್ಲಿ ನಾನು ನೋಡಿರಲಿಲ್ಲ. "ದೂರ ಏನಿಲ್ವಲ್ಲ, ಸುಸ್ತಾದ್ರೆ ವಾಪಸ್ ಬಂದ್ರಾಯ್ತು ಅನ್ಕೊಂಡೆ" ಅಂದಳು.

ಅವತ್ತು ಭಾನುವಾರ. ಸಂಜೆ ಏಳಕ್ಕೆ ಅರಮನೆಯ ದೀಪ ಹೊತ್ತಿಕೊಳ್ಳುವಾಗ ದೊಡ್ಡ ಗಡಿಯಾರದ ಹತ್ತಿರ ಇದ್ದೆವು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲಕ್ಕೆ ಹತ್ತಿದಾಗ ಸುತ್ತಲಿದ್ದವರೆಲ್ಲ ಫೋನ್ ಎತ್ತಿದರು, ಅಮ್ಮ ಕೈ ಮುಗಿದಳು. ವಾಪಸ್ ಬರುವಾಗ ನಮಗಿಂತ ಮುಂದೆ ಅವಳೇ. ಅಡ್ಡದಾರಿ ಗೊತ್ತಂತೆ.

ಮಾರನೇ ದಿನ ಹನ್ನೆರಡಕ್ಕೆ ಚೆಕ್‌ಔಟ್. ರೈಲಿಗೆ ಇನ್ನೂ ಹೊತ್ತಿತ್ತು. ಬ್ಯಾಗ್‌ಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಕಾಫಿಗೆ ಹೊರಟರೆ ಅಮ್ಮ ಬರಲಿಲ್ಲ. "ನೀವಿಬ್ರೂ ಹೋಗ್ಬನ್ನಿ, ನಂಗೆ ನಂಜನಗೂಡು ರಸಬಾಳೆ ತಗೋಬೇಕು" ಅಂತ ಮಾರ್ಕೆಟ್ ಕಡೆ ತಿರುಗಿದಳು.